ಕೊಂಡಿ ಹಾಕಿದ ಇಪ್ಪತ್ತು ಡಾಲರ್

ಫಹಾಹೀಲ್, ಕುವೈತ್
೨೨ ಆಗಸ್ಟ್ ೨೦೨೫, ಶುಕ್ರವಾರ

ಪ್ರೀತಿಯ ಸೊಸೆ ಅಕ್ಷಯಾ,

ಅಮೆರಿಕದ ಹಳೆಯ ಚಿನ್ನ ಬೆಳ್ಳಿ ನಾಣ್ಯಗಳ ವಿಷಯದಲ್ಲಿ ಇಡೀ ಅರಬ್ ದೇಶಗಳಲ್ಲಿ ಈಗ ನಿನ್ನ ಸುಂದರ ಮಾವನದೇ ಕೊನೆಯ ಮಾತು. ಹೋದ ವಾರ ಅಮೆರಿಕದವರೇ ಎರಡು ಕಪ್ಪು ಕಾರು ಕಳಿಸಿ ನನ್ನನ್ನು ಕರೆಸಿಕೊಂಡರು. "ಸುಂದರ್ ಸಾಬ್, ಈ ನಾಣ್ಯ ನಮ್ಮದು ಹೌದೋ ಅಲ್ಲವೋ, ನೀವೇ ಹೇಳಬೇಕು" ಎಂದರು. ನಾನು ಮೇಜಿನ ಮೇಲೆ ಒಮ್ಮೆ ಟಣ್ ಎನ್ನಿಸಿ, "ನಿಮ್ಮದೇ, ಇಟ್ಟುಕೊಳ್ಳಿ" ಎಂದೆ. ಊಟ ಮಾಡಿಕೊಂಡು ಹೋಗಿ ಎಂದು ಬಹಳ ಒತ್ತಾಯ ಮಾಡಿದರು. ಅಂಗಡಿಯಲ್ಲಿ ಅರಬರ ಉದ್ದ ನಿಲುವಂಗಿ, ದಿಶ್ದಾಶಗಳ ರಾಶಿ ಬಿದ್ದಿದೆ, ಇಸ್ತ್ರಿ ನಿಮ್ಮ ಅಧ್ಯಕ್ಷರು ಬಂದು ಮಾಡುತ್ತಾರೆಯೇ ಎಂದು ಕೇಳಿ ಹೊರಟು ಬಂದೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಮೊನ್ನೆ ಫೋನಿನಲ್ಲಿ ಅಪ್ಪನ ಹಣ ಎಲ್ಲಿ ಎಂದು ಕೂಗಿದೆಯಲ್ಲ, ನನ್ನ ಕೋಣೆಯಲ್ಲಿ ಆರು ಮಂಚ ಇವೆ, ಆರರಲ್ಲೂ ಕಿವಿ ಇರುವ ಗಂಡಸರೇ ಮಲಗುವುದು. ಇನ್ನು ಮುಂದೆ ಹಣ, ಚಿನ್ನ ಎಂಬ ಮಾತು ಫೋನಿನಲ್ಲಿ ಎತ್ತಬಾರದು. ಇದು ನನ್ನ ನಿಯಮ. ಊರಿಗೆ ಹೋಗಿ ಬರುವವರ ಕೈಯಲ್ಲಿ ಪತ್ರ ಕಳಿಸು. ಇದನ್ನು ನಮ್ಮ ಲತೀಶ ತರುತ್ತಾನೆ. ಅವನಿಗೆ ಒಳಗೆ ಏನಿದೆ ಗೊತ್ತಿಲ್ಲ. ಅಂಟು ಎರಡು ಸಲ ಹಾಕಿದ್ದೇನೆ.

ನಿನ್ನ ಅಪ್ಪ, ಅಂದರೆ ನಮ್ಮ ಭಾವ, ಈ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷ ದುಡಿದ ಸರ್ವಿಸಿನ ಹಣ ಎರಡು ಸಾವಿರದ ನೂರೈವತ್ತು ದಿನಾರ್. ಭಾವ ತೀರಿಹೋದ ಮೇಲೆ ಕಂಪನಿಯವರು ಎರಡು ವರ್ಷ ಸತಾಯಿಸಿ ಈ ಫೆಬ್ರವರಿಯಲ್ಲಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮಲಗಲು ಬಿಟ್ಟಿಲ್ಲ, ಎಬ್ಬಿಸಿ ಕೆಲಸಕ್ಕೆ ಹಚ್ಚಿದ್ದೇನೆ. ಸಾವಿರದ ಮುನ್ನೂರಕ್ಕೆ ಅಮೆರಿಕದ ಇಪ್ಪತ್ತು ಡಾಲರಿನ ಒಂದು ಚಿನ್ನದ ನಾಣ್ಯ, ಐದು ಬೆಳ್ಳಿ ಡಾಲರ್ ಕೊಂಡೆ. ಉಳಿದ ಎಂಟುನೂರೈವತ್ತು ಬ್ಯಾಂಕಿನಲ್ಲಿ ಭದ್ರವಾಗಿದೆ. ಮಾರಿದ ದಿನ ಎಲ್ಲ ಸೇರಿ ಎರಡರಷ್ಟು ಆಗುತ್ತದೆ, ಬರೆದಿಟ್ಟುಕೋ.

ಚಿನ್ನದ್ದು ೧೯೦೮ನೇ ಇಸವಿಯದ್ದು. ಒಂದು ಬದಿಯಲ್ಲಿ ಕೂದಲು ಹಾರಿಸಿಕೊಂಡು ಪಂಜು ಹಿಡಿದು ನಡೆದು ಬರುವ ಹೆಂಗಸು, ಇನ್ನೊಂದು ಬದಿಯಲ್ಲಿ ಸೂರ್ಯನ ಮೇಲೆ ಹಾರುವ ಹದ್ದು. ಮೊದಲು ಆ ಹೆಂಗಸಿನ ಚಿತ್ರ ಎಷ್ಟು ಉಬ್ಬಿ ನಿಂತಿತ್ತೆಂದರೆ, ನಾಣ್ಯದ ಮೇಲೆ ನಾಣ್ಯ ಪೇರಿಸಲು ಆಗದೆ ಬ್ಯಾಂಕಿನವರು ಗಲಾಟೆ ಮಾಡಿದರಂತೆ. ಮತ್ತೆ ತಟ್ಟಿ ಚಪ್ಪಟೆ ಮಾಡಿದರಂತೆ. ಈ ನಾಣ್ಯದಲ್ಲಿ ಸಣ್ಣ ಎಸ್ ಅಕ್ಷರ ಇದ್ದರೆ ಅದು ಸ್ಯಾನ್‌ಫ್ರಾನ್ಸಿಸ್ಕೊದ ಟಂಕಸಾಲೆಯದ್ದು, ಆ ವರ್ಷ ಅಲ್ಲಿ ಬಹಳ ಕಡಿಮೆ ಹೊಡೆದದ್ದು. ನಮ್ಮದರಲ್ಲಿ ಎಸ್ ಉಂಟು. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಸ್ವಲ್ಪ ಸುಹೈಬನೂ ಹೇಳಿದ. ಸುಹೈಬ್ ಎಂದರೆ ಉಳ್ಳಾಲದ ಬ್ಯಾರಿ, ಕುವೈತ್ ಸಿಟಿಯ ಹಳೆಯ ಪೇಟೆಯಲ್ಲಿ, ಇಲ್ಲಿಯವರು ಸೂಕ್ ಎನ್ನುತ್ತಾರೆ, ನಾಣ್ಯದ ಅಂಗಡಿ ಇಟ್ಟವನು.

ಅಕ್ಕನಿಗೆ ಈಗಲೇ ಹೇಳಬೇಡ.

ನಿನ್ನ ಮಾವ,
ಸುಂದರ


ಕಿನ್ನಿಗೋಳಿ
೩ ಸೆಪ್ಟೆಂಬರ್ ೨೦೨೫

ಮಾವ,

ಎರಡು ಕಾರು ಯಾಕೆ? ಒಂದರಲ್ಲಿ ನೀವು, ಇನ್ನೊಂದರಲ್ಲಿ ನಿಮ್ಮ ಬಾಯಿಯಾ?

ನಗು ಬರುತ್ತಿಲ್ಲ, ಆದರೂ ಬರೆದೆ. ನಾಣ್ಯ ಕೊಳ್ಳಿ ಎಂದು ನಿಮಗೆ ಯಾರು ಹೇಳಿದ್ದು? ಬಸ್‌ಸ್ಟ್ಯಾಂಡಿನ ಎದುರು ಮೋರಿಸ್ ಅಂಕಲ್ ಕಟ್ಟಿದ ಹೊಸ ಕಟ್ಟಡದಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಒಂದು ಕೋಣೆ ನೋಡಿದ್ದೇನೆ. ಮೆಟ್ಟಿಲಿಲ್ಲದ ಕೋಣೆ. ಮೊಣಕಾಲು ನೋವಿನವರಿಗೆ ಮೆಟ್ಟಿಲು ಹತ್ತಿ ಬನ್ನಿ ಎನ್ನಲು ಆಗುತ್ತದಾ? ಮುಂಗಡ ಆರು ಲಕ್ಷ, ಅಕ್ಟೋಬರ್ ಮೂವತ್ತೊಂದರ ಒಳಗೆ. ಅದೇ ಕೋಣೆಗೆ ಒಬ್ಬ ಮೊಬೈಲ್ ಅಂಗಡಿಯವನು ದಿನಾ ಬಂದು ಅಂಕಲಿಗೆ ಚಹಾ ಕುಡಿಸುತ್ತಿದ್ದಾನೆ. ಅಪ್ಪನ ಹಣ ಪೂರ್ತಿ ಬಂದರೆ ಮುಂಗಡ ಆಗಿ, ರೋಗಿಗಳನ್ನು ಮಲಗಿಸುವ ಒಂದು ಮಂಚಕ್ಕೂ ಸಾಕಾಗುತ್ತದೆ. ನನ್ನ ಲೆಕ್ಕ ಇಷ್ಟೇ.

ನಿಮ್ಮ ನಾಣ್ಯದ ಬಗ್ಗೆ ಓದಿದೆ. ೧೯೩೩ರಲ್ಲಿ ಅಮೆರಿಕದ ಸರ್ಕಾರ ಜನರ ಹತ್ತಿರ ಇದ್ದ ಚಿನ್ನದ ನಾಣ್ಯಗಳನ್ನೆಲ್ಲ ವಾಪಸ್ಸು ತನ್ನಿ ಎಂದಿತ್ತಂತೆ. ಇಟ್ಟುಕೊಂಡವರಿಗೆ ದಂಡ, ಜೈಲು. ೧೯೩೩ ಎಂದು ಇಸವಿ ಇರುವ ಇಪ್ಪತ್ತು ಡಾಲರ್ ಸಿಕ್ಕರೆ ಈಗಲೂ ಜಪ್ತಿಯಂತೆ. ಇಸವಿ ಇನ್ನೊಮ್ಮೆ ನೋಡಿ.

ಪಕ್ಕದ ಮನೆಯ ಫಾತಿಮತ್ ಝುಹ್ರಾ ಅವರನ್ನೂ ಕೇಳಿದೆ. ಅವರು ಹತ್ತು ವರ್ಷ ಕುವೈತಿನ ಹವಲ್ಲಿಯಲ್ಲಿ ಇದ್ದು ಬಂದವರಲ್ಲ. "ನಾಣ್ಯವಾಗಿ ತಂದರೆ ಏರ್‌ಪೋರ್ಟಿನಲ್ಲಿ ನೂರು ಪ್ರಶ್ನೆ, ಕುತ್ತಿಗೆಯಲ್ಲಿ ಒಡವೆಯಾಗಿ ಬಂದರೆ ಯಾರೂ ಮುಖ ಎತ್ತಿ ನೋಡುವುದಿಲ್ಲ" ಎಂದರು. ಹೇಗಾದರೂ ಮಾಡಿ ಬೇಗ ಕಳಿಸಿ. ಇಲ್ಲಿ ಮಾರೋಣ.

ಅಮ್ಮನಿಗೆ ಹೇಳಿಲ್ಲ.

ಅಕ್ಷಯಾ


ಫಹಾಹೀಲ್
೧೯ ಸೆಪ್ಟೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಅಕ್ಷಯಾ,

ನಿನ್ನ ಪತ್ರ ಓದಿ ನನಗೆ ಹೆದರಿಕೆ ಆಗಲಿಲ್ಲ. ಸುಮ್ಮನೆ ಎರಡು ದಿನ ಊಟ ಸೇರಲಿಲ್ಲ, ಅಷ್ಟೇ.

ಮೂರನೆಯ ದಿನ ಬಸ್ಸು ಹಿಡಿದು ಸೂಕಿಗೆ ಹೋದೆ. ಸುಹೈಬನನ್ನು ಮೂಲೆಗೆ ಕರೆದು, "ಏನು ಭಾಯಿ, ಕಳ್ಳಮಾಲು ಕೊಟ್ಟಿದ್ದೀಯಾ ನನಗೆ?" ಎಂದು ಕೇಳಿದೆ. ಅವನು ನಕ್ಕ. "ಸುಂದರಣ್ಣ, ಸರ್ಕಾರ ವಾಪಸ್ಸು ಕೇಳಿದ್ದು ಹೌದು. ಬಂದದ್ದನ್ನೆಲ್ಲ ಕರಗಿಸಿ ಇಟ್ಟಿಗೆ ಮಾಡಿದ್ದೂ ಹೌದು. ಆದರೆ ಅದಕ್ಕೆ ಮೊದಲೇ ಹಡಗು ಹತ್ತಿ ಬೇರೆ ದೇಶದ ಬ್ಯಾಂಕುಗಳಿಗೆ ಹೋದ ನಾಣ್ಯ ಉಳಿಯಿತು. ನಿಮ್ಮದು ಹಾಗೆ ಉಳಿದದ್ದು. ಈಗ ಯಾರೂ ಕೇಳುವುದಿಲ್ಲ ಮಾರಾಯ್ರೆ" ಎಂದ. ಅಂದರೆ ಅದೂ ನಮ್ಮ ಹಾಗೆ ಊರು ಬಿಟ್ಟು ಬಂದು ಬದುಕಿದ್ದು ಎಂದು ಆಯಿತು.

ಬೆಳ್ಳಿಯ ವಿಷಯ ಕೇಳಿದರೆ ನೀನು ಕುರ್ಚಿಯಿಂದ ಬೀಳುತ್ತೀ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದಲ್ಲಿ ಬೆಳ್ಳಿ ರೂಪಾಯಿಗೆ ಬರ ಬಂತಂತೆ. ನೋಟು ಬೇಡ, ರೂಪಾಯಿ ಕೊಡಿ ಎಂದು ಜನ ಹಟ ಹಿಡಿದರಂತೆ. ಆಗ ಅಮೆರಿಕದವರು ಇಪ್ಪತ್ತೇಳು ಕೋಟಿ ಬೆಳ್ಳಿ ಡಾಲರ್ ಕರಗಿಸಿದರಂತೆ. ಅದರಲ್ಲಿ ಹೆಚ್ಚಿನ ಬೆಳ್ಳಿ ಇಂಗ್ಲಿಷರ ಕೈಯಿಂದ ನಮ್ಮ ರೂಪಾಯಿಗೆ ಬಂತು. ನನ್ನ ಅಜ್ಜಿಯ ಸೊಂಟಪಟ್ಟಿಯಲ್ಲಿ ಇದ್ದದ್ದು ಅದೇ ಬೆಳ್ಳಿ ಇರಬಹುದು. ಆ ಕುಲುಮೆ ತಪ್ಪಿಸಿಕೊಂಡ ಐದು ನನ್ನ ಟ್ರಂಕಿನಲ್ಲಿ ಇವೆ.

ಆದರೂ ಒಂದು ವಿಷಯ ತಲೆಗೆ ಹೋಗುವುದಿಲ್ಲ. ನಾಣ್ಯದ ಮೇಲೆ ಇಪ್ಪತ್ತು ಡಾಲರ್ ಎಂದು ಅವರೇ ಬರೆದಿದ್ದಾರೆ. ಅದನ್ನು ಇಪ್ಪತ್ತಕ್ಕೆ ಕೇಳಿದರೆ ಹುಚ್ಚ ಎನ್ನುತ್ತಾರೆ. ತೂಕದ ಬೆಲೆಗೆ ಕೇಳಿದರೆ ದಡ್ಡ ಎನ್ನುತ್ತಾರೆ. ಹಾಗಾದರೆ ಅದರ ಬೆಲೆ ಎಲ್ಲಿ ಬರೆದಿದೆ? ಪ್ಲಾಸ್ಟಿಕ್ ಪೆಟ್ಟಿಗೆಯ ಚೀಟಿಯಲ್ಲಿ ಅಂತೆ! ಸುಹೈಬ್ ಅದನ್ನು ಒಂದು ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿಕೊಟ್ಟಿದ್ದಾನೆ. ಮೇಲೆ ಏನೋ ನಂಬರ್ ಇದೆ. ಶಾಲೆಯ ಮಾರ್ಕಿನ ಹಾಗೆ ನಾಣ್ಯಕ್ಕೂ ಮಾರ್ಕು ಕೊಡುತ್ತಾರಂತೆ. ನಮ್ಮದಕ್ಕೆ ಐವತ್ತೆಂಟು. ಎಪ್ಪತ್ತಕ್ಕೆ ಐವತ್ತೆಂಟು. ನನಗೆ ಏಳನೆಯ ಕ್ಲಾಸಿನಲ್ಲಿ ಕೂಡ ಅಷ್ಟು ಬಂದಿರಲಿಲ್ಲ. ಬಂದಿತ್ತು, ಮೇಷ್ಟ್ರು ಕಡಿಮೆ ಮಾಡಿದರು.

ನಿನ್ನ ಫಾತಿಮತ್ ಝುಹ್ರಾ ಹೇಳಿದ ಮಾತು ಬಹಳ ಸರಿ. ನನಗೊಂದು ಉಪಾಯ ಹೊಳೆದಿದೆ. ಈಗ ಹೇಳುವುದಿಲ್ಲ.

ಸುಂದರ ಮಾವ


ಕಿನ್ನಿಗೋಳಿ
೩೦ ಸೆಪ್ಟೆಂಬರ್ ೨೦೨೫

ಮಾವ,

ಒಳ್ಳೆಯ ಸುದ್ದಿ. ಮಂಗಳೂರಿನಲ್ಲಿ ಕೊನ್ರಾಡ್ ಎಂಬವರು ಸಿಕ್ಕಿದರು. ಹಡಗಿನಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಅವರ ಸೊಂಟನೋವಿಗೆ ನಾನೇ ಚಿಕಿತ್ಸೆ ಮಾಡುತ್ತಿದ್ದೇನೆ. ಐವತ್ತು ವರ್ಷದಿಂದ ನಾಣ್ಯ ಸಂಗ್ರಹಿಸುತ್ತಿದ್ದಾರಂತೆ. ನಿಮ್ಮ ಪತ್ರದಲ್ಲಿ ಇದ್ದದ್ದನ್ನು ಓದಿ ಹೇಳಿದೆ. ೧೯೦೮, ಎಸ್ ಅಕ್ಷರ, ಐವತ್ತೆಂಟು. ಅವರು ಮಲಗಿದ್ದಲ್ಲಿಂದ ಎದ್ದು ಕುಳಿತರು. ಸೊಂಟ ನೋವು ಎಂಬುದೇ ಮರೆತುಹೋಯಿತು. "ಹೌದಾದರೆ ನಾನೇ ತೆಗೆದುಕೊಳ್ಳುತ್ತೇನೆ ಮಗಾ. ಏಳು ಲಕ್ಷಕ್ಕೆ ಕಡಿಮೆ ಇಲ್ಲ" ಎಂದರು.

ಮಾವ, ನಿಮ್ಮನ್ನು ಬೈದದ್ದಕ್ಕೆ ಬೇಸರವಾಗಿದೆ. ನೀವು ಹೇಳಿದ್ದೇ ಸರಿಯಾಯಿತು.

ಆದರೆ ಅವರು ಮೂರು ಸಲ ಹೇಳಿದ ಮಾತು ಇದು. ಪ್ಲಾಸ್ಟಿಕ್ ಪೆಟ್ಟಿಗೆ ಒಡೆಯಬಾರದು. ನಾಣ್ಯ ತೊಳೆಯಬಾರದು. ಉಜ್ಜಬಾರದು. ಮಂಕಾಗಿದ್ದರೆ ಮಂಕಾಗಿಯೇ ಇರಲಿ. ನಾನು ಮೊದಲು ಬರೆದ ಒಡವೆಯ ಮಾತು ಮರೆತುಬಿಡಿ. ತೆರಿಗೆ ಎಷ್ಟಿದ್ದರೂ ತಾನೇ ಕಟ್ಟುತ್ತೇನೆ ಎಂದಿದ್ದಾರೆ. ಲತೀಶಣ್ಣ ನಾಡಿದ್ದು ಹೊರಡುತ್ತಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ಅಕ್ಷಯಾ


ಫಹಾಹೀಲ್
೧೦ ಅಕ್ಟೋಬರ್ ೨೦೨೫, ಶುಕ್ರವಾರ

ಪ್ರೀತಿಯ ಅಕ್ಷಯಾ,

ನಿನ್ನ ಪತ್ರ ಇನ್ನೂ ಕೈಸೇರಿಲ್ಲ. ಲತೀಶನ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಅವನು ಟಿಕೆಟು ಮುಂದೆ ಹಾಕಿದ್ದಾನಂತೆ. ಇರಲಿ. ನಡುವೆ ನಿನ್ನ ವಾಯ್ಸ್ ಮೆಸೇಜ್ ಒಂದು ಬಂತು. "ಮಾವ, ನಾಣ್ಯ" ಎಂದು ಶುರುವಾಯಿತು ನೋಡು, ಪಕ್ಕದ ಮಂಚದಲ್ಲಿ ನಿಝಾಮ್ ಕಣ್ಣುಬಿಟ್ಟು ಮಲಗಿದ್ದ. ಅಲ್ಲಿಗೇ ನಿಲ್ಲಿಸಿ ಅಳಿಸಿಬಿಟ್ಟೆ. ನಿಯಮ ಎಂದರೆ ನಿಯಮ.

ಈಗ ನಿನ್ನ ಮಾವನ ಬುದ್ಧಿ ನೋಡು. ನಾಣ್ಯವಾದರೆ ತಾನೇ ಅಮೆರಿಕದ ಕಾನೂನು, ಏರ್‌ಪೋರ್ಟಿನ ಪ್ರಶ್ನೆ? ನಾಣ್ಯವೇ ಅಲ್ಲ ಎಂದು ಮಾಡಿದರೆ? ಮೊದಲು ಆ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಇಸ್ತ್ರಿಪೆಟ್ಟಿಗೆಯ ಹಿಂಬದಿಯಿಂದ ಗುದ್ದಿ ಒಡೆದೆ. ಸುಲಭಕ್ಕೆ ಒಡೆಯಲಿಲ್ಲ, ಅಷ್ಟು ಗಟ್ಟಿ. ಚಿನ್ನದ ಮೇಲೆ ನೂರು ವರ್ಷದ ಮಬ್ಬು. ಹುಣಸೆಹುಳಿ, ಉಪ್ಪು, ಸ್ವಲ್ಪ ಹಲ್ಲುಪುಡಿ ಹಾಕಿ, ಚೌತಿಗೆ ದೀಪ ತಿಕ್ಕುತ್ತೇವಲ್ಲ, ಹಾಗೆ ತಿಕ್ಕಿದೆ. ಬೆಳ್ಳಿಯದ್ದನ್ನೂ ತಿಕ್ಕಿದೆ. ಐದೂ ಕಪ್ಪಾಗಿ ಕಾಮನಬಿಲ್ಲಿನ ಬಣ್ಣ ಬಂದಿತ್ತು, ಎಲ್ಲ ಹೋಗಿ ಬೆಳ್ಳಗೆ ಬೆಳಗಿದವು. ಮುಖ ನೋಡಿಕೊಳ್ಳಬಹುದು.

ಮತ್ತೆ ಇಲ್ಲಿನ ಒಬ್ಬ ಅಕ್ಕಸಾಲಿಯ ಹತ್ತಿರ ಹೋಗಿ, ನಡೆಯುವ ಹೆಂಗಸಿನ ತಲೆಯ ಮೇಲೆ ಒಂದು ಕೊಂಡಿ ಬೆಸೆದು, ಸಣ್ಣ ಚಿನ್ನದ ಸರ ಹಾಕಿಸಿದೆ. ಅಕ್ಕಸಾಲಿ ಪಶ್ಚಿಮ ಬಂಗಾಳದವನು. "ಕರ್ ದೂಂ? ಸೋಚ್ ಲೋ ಚಾಚಾ" ಎಂದ, ಇನ್ನೊಮ್ಮೆ ಯೋಚಿಸಿ ಎಂದು. "ಯಲ್ಲಾ, ಬೆಸೆ" ಎಂದೆ. ಈಗ ಅದು ಪದಕ. ತೂಕ ಒಂದು ಗ್ರಾಂ ಜಾಸ್ತಿಯೇ ಆಗಿದೆ. ಸರಕ್ಕೂ ಕೂಲಿಗೂ ನಾನೇ ಕೈಯಿಂದ ಕೊಟ್ಟಿದ್ದೇನೆ, ಸರ ನಿನಗೆ ಉಡುಗೊರೆ.

ನಾಡಿದ್ದು ನರ್ಸ್ ಮೆಲಿಶಾ ಊರಿಗೆ ಬರುತ್ತಾಳೆ. ಕುತ್ತಿಗೆಯಲ್ಲಿ ಹಾಕಿಕೊಂಡೇ ಬರುತ್ತಾಳೆ. ಬೆಳ್ಳಿಯದ್ದು ಪರ್ಸಿನಲ್ಲಿ. ಅವಳು ಕನ್ನಡಿ ನೋಡಿ, "ಸುಂದರಣ್ಣ, ಇದನ್ನು ವಾಪಸ್ಸು ಕೊಡಲು ಮನಸ್ಸು ಬರುವುದಿಲ್ಲ ನನಗೆ" ಎಂದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವ ಪ್ಲಾಸ್ಟಿಕ್ಕಿನಲ್ಲಿ ಇದೆ?

ಕೋಣೆಗೆ ಯಾವ ಬಣ್ಣ ಹಚ್ಚುತ್ತೀ ಎಂದು ಬರೆ.

ನಿನ್ನ ಹೆಮ್ಮೆಯ ಮಾವ,
ಸುಂದರ


ಕಿನ್ನಿಗೋಳಿ
೧೫ ಅಕ್ಟೋಬರ್ ೨೦೨೫

ಮಾವ,

ಮೆಲಿಶಾ ನಗುತ್ತಾ ಸರ ಬಿಚ್ಚಿ ನನ್ನ ಕೈಯಲ್ಲಿ ಇಟ್ಟಳು. ನಾನೂ ನಕ್ಕೆ. ಅವಳು ಹೋಗುವವರೆಗೆ ನಕ್ಕೆ.

ಮರುದಿನ ಕೊನ್ರಾಡ್ ಅವರ ಮನೆಗೆ ತೆಗೆದುಕೊಂಡು ಹೋದೆ. ಅವರು ಮೇಜಿನ ಮೇಲೆ ಮಕಮಲ್ ಬಟ್ಟೆ ಹಾಸಿ, ಕೈತೊಳೆದು ಒರೆಸಿ, ಭೂತಗನ್ನಡಿ ಹಿಡಿದು ಕಾದಿದ್ದರು. ನಾನು ಇಟ್ಟೆ. ಭೂತಗನ್ನಡಿ ಬೇಕಾಗಲಿಲ್ಲ. ಕೆಳಗಿಟ್ಟರು.

"ಯಾರು ಮಾಡಿದ್ದು ಇದು?"

"ನಮ್ಮ ಮಾವ."

"ನಿಮ್ಮ ಮೇಲೆ ಏನಾದರೂ ದ್ವೇಷ ಉಂಟಾ ಅವರಿಗೆ?"

"ಇಲ್ಲ. ಪ್ರೀತಿ."

ಅವರು ಪದಕವನ್ನು ಬಟ್ಟೆಯ ಮೇಲೆ ಒಮ್ಮೆ ಮಗುಚಿ ಇಟ್ಟರು. ಮತ್ತೆ ಮೆಲ್ಲಗೆ ಹೇಳಿದರು. "ಮಗಾ, ನೂರಹದಿನೇಳು ವರ್ಷ ಯಾರೂ ಮುಟ್ಟದೆ ಉಳಿಸಿದ್ದರು. ಮೇಲಿನ ಆ ಮಬ್ಬೇ ನಮಗೆ ಬೇಕಾದದ್ದು. ತಿಕ್ಕಿದ ಗೀರು ನೋಡು. ತಲೆಯ ಹತ್ತಿರ ಬೆಂಕಿ ತಾಗಿ ಅಂಚು ಕರಗಿದೆ. ಕೊಂಡಿ ಕಿತ್ತರೂ ಗುರುತು ಹೋಗುವುದಿಲ್ಲ. ಇನ್ನು ಇದು ಚಿನ್ನ ಮಾತ್ರ. ಇದನ್ನು ಚಿನ್ನದ ಅಂಗಡಿಗೆ ಕೊಡು."

ಬೆಳ್ಳಿಯದ್ದನ್ನು ಬಗ್ಗಿಯೂ ನೋಡಲಿಲ್ಲ. ಚಹಾ ಕೊಟ್ಟರು. ನನಗೆ ಅಳು ಬಂತು ಎಂದು ಬಿಸ್ಕತ್ತು ಮುಂದೆ ದೂಡಿದರು.

ಮಾವ, ವಾಯ್ಸ್ ಮೆಸೇಜಿನಲ್ಲಿ ನಾನು ಹೇಳಿದ್ದು "ನಾಣ್ಯ ಮುಟ್ಟಬೇಡಿ" ಎಂದು. ಒಡವೆಯ ಮಾತು ಮೊದಲು ಬರೆದವಳು ನಾನೇ. ಅದು ನನ್ನ ತಪ್ಪು, ಒಪ್ಪುತ್ತೇನೆ. ಈಗ ಒಟ್ಟು ಎಷ್ಟು ನಷ್ಟ, ಹೇಳಿ.

ಅಕ್ಷಯಾ


ಫಹಾಹೀಲ್
೧೮ ಅಕ್ಟೋಬರ್ ೨೦೨೫

ಪ್ರೀತಿಯ ಅಕ್ಷಯಾ,

ನಷ್ಟ ಏನಿಲ್ಲ. ಐವತ್ತು ದಿನಾರ್ ಇರಬಹುದು. ಹೆಚ್ಚೆಂದರೆ ನೂರು.

ನಿನ್ನ ಕೊನ್ರಾಡ್ ಬುದ್ಧಿವಂತನೋ ಅಲ್ಲವೋ ತಿಳಿಯುತ್ತಿಲ್ಲ. ನಾನು ಸೂಕಿಗೆ ಓಡಿದೆ. ಸುಹೈಬನಿಗೆ ಫೋಟೋ ತೋರಿಸಿದೆ. ಅವನು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, ತಲೆಯ ಮೇಲೆ ಕೈ ಇಟ್ಟುಕೊಂಡ. "ಎಂತ ಮಾಡಿದ್ದು ಸುಂದರಣ್ಣ ನೀವು! ಪೆಟ್ಟಿಗೆ ಒಡೆಯಬೇಡಿ ಎಂದು ನಾನು ಹೇಳಲಿಲ್ಲವಾ?" "ಹೇಳಿದೆ. ಯಾಕೆ ಎಂದು ಹೇಳಲಿಲ್ಲ" ಎಂದೆ. "ನೀವು ನನಗೆ ಮಾತಾಡಲು ಬಿಟ್ಟರಲ್ಲವಾ ಹೇಳುವುದು! ನಾನು ಬಾಯಿ ತೆರೆದಾಗಲೆಲ್ಲ ನನಗೆಲ್ಲ ಗೊತ್ತು ಎಂದಿರಿ" ಎಂದ. ವಾಪಸ್ಸು ತೆಗೆದುಕೊಳ್ಳುತ್ತೀಯಾ ಎಂದು ಕೇಳಿದೆ. ತಲೆ ಅಲ್ಲಾಡಿಸಿದ. "ಖಲಾಸ್" ಎಂದ.

ನನಗೆ ಅರ್ಥವೇ ಆಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಜನರ ಬಟ್ಟೆಯ ಕೊಳೆ ತೆಗೆದು ಅನ್ನ ತಿನ್ನುತ್ತಿದ್ದೇನೆ. ಕಲೆ ಹೋದರೆ ಹಣ ಕೊಡುತ್ತಾರೆ, ಉಳಿದರೆ ಬೈಯುತ್ತಾರೆ. ಕಲೆ ಹೋಯಿತು ಎಂದು ಬೈಯುವವರನ್ನು ಇದೇ ಮೊದಲು ಕಂಡದ್ದು. ಅದೇ ಹೆಂಗಸು, ಅದೇ ಹದ್ದು, ಅದೇ ಇಸವಿ, ಒಂದು ಗ್ರಾಂ ಜಾಸ್ತಿ ಚಿನ್ನ. ಆದರೆ ಬೆಲೆ ಎಲ್ಲಿಗೆ ಹೋಯಿತು? ಬಚ್ಚಲಿನ ನೀರಿನ ಜೊತೆ ಹೋಯಿತಾ?

ಏನೇ ಇರಲಿ, ನೀನು ಚಿನ್ನದ ಬೆಲೆಗೆ ಮಾರು. ಚಿನ್ನದ ದರ ಈಗ ಆಕಾಶದಲ್ಲಿದೆ. ಬ್ಯಾಂಕಿನಲ್ಲಿ ಎಂಟುನೂರೈವತ್ತು ಇದ್ದೇ ಇದೆಯಲ್ಲ. ಗಾಬರಿ ಬೇಡ.

ಮಾವ


ಕಿನ್ನಿಗೋಳಿ
೨೧ ಅಕ್ಟೋಬರ್ ೨೦೨೫

ಮಾವ,

ಮಾರಿದೆ. ಚಿನ್ನ, ಬೆಳ್ಳಿ ಎಲ್ಲ ಸೇರಿ ಮೂರು ಲಕ್ಷ ಐವತ್ತಾರು ಸಾವಿರ ಬಂತು. ನಿಮ್ಮ ಉಡುಗೊರೆಯ ಸರ ಮಾರಲಿಲ್ಲ. ಅಂಗಡಿಯವನು ನನ್ನ ಎದುರೇ ಇಕ್ಕಳದಿಂದ ಕೊಂಡಿ ಚಿವುಟಿ ತೆಗೆದು, ನಾಣ್ಯವನ್ನು ಹಳೆಯ ಬಳೆ, ಓಲೆ ಹಾಕುವ ಡಬ್ಬಿಗೆ ಎಸೆದ. ಕರಗಲಿಕ್ಕೆ.

ಈಗ ಸರಿಯಾಗಿ ಓದಿ. ಇಂದಿನ ದರದಲ್ಲಿ ಇದು ಸಾವಿರದ ಇನ್ನೂರ ಮೂವತ್ತಾರು ದಿನಾರ್. ನೀವು ಸಾವಿರದ ಮುನ್ನೂರಕ್ಕೆ ಕೊಂಡದ್ದಾದರೆ ನಷ್ಟ ಅರವತ್ತನಾಲ್ಕು. ಅದು ದೊಡ್ಡದಲ್ಲ. ಆದರೆ ಕೊನ್ರಾಡ್ ಹೇಳುತ್ತಾರೆ, ಅಂತಹ ನಾಣ್ಯ ಸಾವಿರದ ಮುನ್ನೂರಕ್ಕೆ ಯಾರೂ ಕೊಡುವುದಿಲ್ಲ, ಅದೂ ಬೆಳ್ಳಿಯ ಜೊತೆ. ಅಲ್ಲಿಂದ ನನಗೆ ನಿದ್ದೆ ಇಲ್ಲ.

ಮೋರಿಸ್ ಅಂಕಲ್ ಕರಾರುಪತ್ರ ಬರೆಸಿದ್ದಾರೆ. ಮೂವತ್ತೊಂದಕ್ಕೆ ಪೂರ್ತಿ ಕೊಡುತ್ತೇನೆ ಎಂದು ಸಹಿ ಹಾಕಿ, ಕೊಡದಿದ್ದರೆ ಕೋಣೆಯೂ ಇಲ್ಲ, ಕೊಟ್ಟದ್ದರಲ್ಲಿ ಒಂದು ಲಕ್ಷ ವಾಪಸ್ಸೂ ಬರುವುದಿಲ್ಲ. ಬ್ಯಾಂಕಿನ ಎಂಟುನೂರೈವತ್ತು ಇದೆ ಎಂದಾದರೆ ಕಳಿಸಿ, ಕಣ್ಣುಮುಚ್ಚಿ ಸಹಿ ಹಾಕುತ್ತೇನೆ. ಇಲ್ಲ ಎಂದಾದರೆ ಸೊಸೈಟಿಯಲ್ಲಿ ಸಾಲ ಕೊಡುತ್ತಾರೆ. ಒಂದೇ ಸಲ ಕೊಡುವುದು, ಆಮೇಲೆ ಇನ್ನಷ್ಟು ಎಂದರೆ ಇಲ್ಲ. ಅದಕ್ಕೆ ಅಮ್ಮನ ಸಹಿ ಬೇಕು. ಅಮ್ಮನಿಗೆ ಹೇಳಬೇಕು. ಹೇಳುವಾಗ ಅರ್ಧ ಹೇಳಲು ನನ್ನಿಂದ ಆಗುವುದಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಆದರೆ ಅದು ಆಮೇಲೆ. ಈಗ ನನಗೆ ಸಮಾಧಾನ ಬೇಡ, ಸಂಖ್ಯೆ ಬೇಕು. ಅಪ್ಪನ ಎರಡು ಸಾವಿರದ ನೂರೈವತ್ತರಲ್ಲಿ ಹೋದದ್ದು ಎಷ್ಟು?

ಅಕ್ಷಯಾ


ಫಹಾಹೀಲ್
೨೪ ಅಕ್ಟೋಬರ್ ೨೦೨೫, ಶುಕ್ರವಾರ

ಅಕ್ಷಯಾ,

ಈ ಕಾಗದದ ಫೋಟೋ ತೆಗೆದು ಫೋನಿನಲ್ಲೇ ಕಳಿಸುತ್ತೇನೆ. ಕೈಯಲ್ಲಿ ಕಳಿಸಿದರೆ ತಡವಾಗುತ್ತದೆ. ನಿಝಾಮನೇ ತೆಗೆದುಕೊಡುತ್ತಾನೆ. ಅವನಿಗೂ ಎಲ್ಲ ಹೇಳಿದೆ.

ಮೂರು ಕಾಗದ ಬರೆದು ಹರಿದೆ. ಒಂದರಲ್ಲಿ ಇನ್ನೂರು ಎಂದು ಬರೆದಿದ್ದೆ. ಇನ್ನೊಂದರಲ್ಲಿ ನಾನೂರು.

ಮಾರ್ಚಿನಲ್ಲಿ ಸುಹೈಬನ ಅಂಗಡಿಗೆ ನಾನು ಹೋದದ್ದು ನಾಣ್ಯ ಕೊಳ್ಳಲಿಕ್ಕಲ್ಲ. ಬಿಸಿಲು ತಪ್ಪಿಸಿಕೊಳ್ಳಲು ಏಸಿ ಇದೆ ಎಂದು ಒಳಗೆ ಹೊಕ್ಕದ್ದು. ಒಬ್ಬ ದೊಡ್ಡ ಸಾಹೇಬ ಕುಳಿತು ಈ ನಾಣ್ಯ ನೋಡುತ್ತಿದ್ದ. ನನ್ನ ಬಟ್ಟೆ ನೋಡಿ, "ಇಸ್ತ್ರಿಯವನೇ, ಸ್ವಲ್ಪ ಬದಿಗೆ ನಿಲ್ಲು, ಬೆಳಕಿಗೆ ಅಡ್ಡ" ಎಂದ. ಅವನು ಬೆಲೆ ಜಾಸ್ತಿ ಎಂದು ಎದ್ದುಹೋದ. ನಾನು ಅದೇ ಕುರ್ಚಿಯಲ್ಲಿ ಕುಳಿತೆ. ಸುಹೈಬ್ ಎಷ್ಟೋ ಹೇಳಿದ, "ಇದು ನಮ್ಮಂಥವರಿಗಲ್ಲ ಸುಂದರಣ್ಣ, ಬ್ಯಾಂಕಿನಲ್ಲಿ ಇಡಿ" ಎಂದು. ನಾನು ಕೇಳಲಿಲ್ಲ. ನನ್ನ ಜೇಬಿನಲ್ಲಿ ಭಾವನ ಹಣ ಇತ್ತು. ಊರಿಗೆ ಕಳಿಸಲು ಎಂದು ಬ್ಯಾಂಕಿನಿಂದ ತೆಗೆದು ಹೊರಟವನು ನಾನು.

ಚಿನ್ನದ್ದಕ್ಕೆ ಸಾವಿರದ ಎಂಟುನೂರೈವತ್ತು ಕೊಟ್ಟೆ. ಮುನ್ನೂರು ಉಳಿಯಿತು. ಆ ಮುನ್ನೂರಕ್ಕೆ ಬೆಳ್ಳಿಯದ್ದು ಐದು. ಬಸ್ಸಿಗೆ ನನ್ನ ಜೇಬಿನ ಚಿಲ್ಲರೆ. ಬ್ಯಾಂಕಿನಲ್ಲಿ ಎಂಟುನೂರೈವತ್ತು ಇಲ್ಲ. ಯಾವತ್ತೂ ಇರಲಿಲ್ಲ. ಪೂರ್ತಿ ಹಾಕಿದೆ ಎಂದರೆ ನೀನು ಬೈಯುತ್ತೀ ಎಂದು ಸಾವಿರದ ಮುನ್ನೂರು ಎಂದು ಬರೆದದ್ದು. ದುಪ್ಪಟ್ಟು ಆದ ಮೇಲೆ ಯಾರು ಕೇಳುತ್ತಾರೆ ಎಂದುಕೊಂಡಿದ್ದೆ.

ಭಾವ ಹದಿನಾಲ್ಕು ವರ್ಷ ನನ್ನ ಪಕ್ಕದ ಮೇಜಿನಲ್ಲೇ ನಿಂತು ಇಸ್ತ್ರಿ ಹಾಕಿದವನು. ಒಂದು ದಿನ ಕೂಡ ಇದು ನನ್ನ ಹಣ ಎಂದು ಎಣಿಸಿ ನೋಡಿದವನಲ್ಲ, ಅಕ್ಷಯಾ ಓದಬೇಕು ಎಂದಷ್ಟೇ ಹೇಳುತ್ತಿದ್ದ. ಅದರಲ್ಲಿ ಒಂದು ದಿನಾರೂ ನನ್ನ ಬೆವರಿನದಲ್ಲ.

ಸಾಲದ ಕಂತು ತಿಂಗಳಿಗೆ ಎಷ್ಟಾಗುತ್ತದೆ ಎಂದು ಕೇಳಿ ಬರೆ. ನನಗೆ ಇಲ್ಲಿ ಸಂಬಳ ನೂರನಲವತ್ತು. ಊರಿನಲ್ಲಿ ಹೇಳಿಕೊಂಡು ಬಂದ ಹಾಗೆ ನಾನು ಮ್ಯಾನೇಜರ್ ಅಲ್ಲ. ಕಂತು ನಾನು ಕಟ್ಟುತ್ತೇನೆ. ಕಟ್ಟದಿದ್ದರೆ ನನ್ನ ಹೆಸರು ಹೇಳಿ ಯಾರ ಎದುರು ಬೇಕಾದರೂ ಬೈ.

ಈ ಕಾಗದವನ್ನು ಅಕ್ಕನಿಗೆ ನೀನು ಓದಿ ಹೇಳಬೇಡ, ಅವಳ ಕೈಗೇ ಕೊಡು. ಸೊಸೈಟಿಯ ಫಾರ್ಮು ತುಂಬುವಾಗ ಇದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ನಾನು ಎರಡು ಸಲ ಕೂಡಿಸಿ ಕಳೆದಿದ್ದೇನೆ, ನಿಝಾಮ್ ಒಮ್ಮೆ ನೋಡಿದ್ದಾನೆ.

ಕೊಟ್ಟದ್ದು ಎರಡು ಸಾವಿರದ ನೂರೈವತ್ತು. ನಿನ್ನ ಕೈಗೆ ಬಂದದ್ದು ಸಾವಿರದ ಇನ್ನೂರ ಮೂವತ್ತಾರು. ನಾನು ಕಳೆದದ್ದು ಒಂಬೈನೂರ ಹದಿನಾಲ್ಕು ದಿನಾರ್.